ಮೆಟಾ ಆಡ್ ಲೈಬ್ರರಿ: ಜಾಹೀರಾತು ಕಾಣುತ್ತದೆ, ಪಟ್ಟಿ ಕಾಣುವುದಿಲ್ಲ

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಓಡುವ ರಾಜಕೀಯ ಜಾಹೀರಾತುಗಳನ್ನು ಯಾರು ಬೇಕಾದರೂ ತೆರೆದು ನೋಡಲು ಮೆಟಾ ಕಂಪನಿ ಇಟ್ಟಿರುವ ಕಪಾಟು ಈ ಆಡ್ ಲೈಬ್ರರಿ. ದುಡ್ಡು ಕೊಡಬೇಕಿಲ್ಲ, ಫೇಸ್‌ಬುಕ್ ಖಾತೆಯೂ ಬೇಕಿಲ್ಲ. ಯಾವ ಪಕ್ಷ ಎಷ್ಟು ಸುರಿಯಿತು, ಯಾವ ಮಾತನ್ನು ಯಾವ ವಯಸ್ಸಿನವರ ಮುಂದೆ ಇಟ್ಟಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಬಿಟ್ಟಿ ಸಾಧನ ಸದ್ಯಕ್ಕಿಲ್ಲ. ಆದರೆ 'ಇದು ನನಗೇ ಯಾಕೆ ಬಂತು' ಎಂಬ ಪ್ರಶ್ನೆ ಇಟ್ಟುಕೊಂಡು ಬಂದವರಿಗೆ ಇದು ಕನ್ನಡಿಯೊಳಗಿನ ಗಂಟು. ಐದಕ್ಕೆ ಮೂರು ಅಂಕ ಕೊಡಬಹುದು. ಕಳೆದ ಎರಡು ಅಂಕ ಎಲ್ಲಿ ಹೋಯಿತು ಎಂದು ಹೇಳಬೇಕಾದರೆ ಮೊದಲು ಪ್ರಚಾರದವರ ಕಡೆಯ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕು.

ಲೈಬ್ರರಿ ಶುರುವಾದದ್ದು 2018ರ ಮೇ ತಿಂಗಳಲ್ಲಿ, ಅಮೆರಿಕದ ರಾಜಕೀಯ ಜಾಹೀರಾತುಗಳ ದಾಖಲೆಯಾಗಿ. ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಸಲಹಾ ಕಂಪನಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಬಾಚಿಕೊಂಡ ಹಗರಣ ಹೊರಬಿದ್ದು ಆಗಿನ್ನೂ ಎರಡು ತಿಂಗಳು. ಅಲೆಕ್ಸಾಂಡರ್ ಕೋಗನ್ ಎಂಬ ಸಂಶೋಧಕರ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ ಜನ. ಆಗಿನ ನಿಯಮದಲ್ಲಿ ಆ್ಯಪ್ ಹಾಕಿಕೊಂಡವರ ಸ್ನೇಹಿತರ ವಿವರವೂ ಸಿಗುತ್ತಿತ್ತು, ಹಾಗಾಗಿ ಬಾಚಿಕೊಂಡದ್ದು 8.7 ಕೋಟಿ ಜನರವರೆಗಿನ ಮಾಹಿತಿ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2018ರಲ್ಲಿ ಫೇಸ್‌ಬುಕ್‌ಗೆ 5 ಲಕ್ಷ ಪೌಂಡ್ ದಂಡ ಹಾಕಿತು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ 500 ಕೋಟಿ ಡಾಲರ್. ಇಷ್ಟು ಎಲ್ಲರಿಗೂ ನೆನಪಿದೆ. ಜನ ಮರೆತಿರುವುದು 2020ರ ಅಕ್ಟೋಬರ್‌ನಲ್ಲಿ ಅದೇ ಆಯುಕ್ತರ ಕಚೇರಿ ತನಿಖೆ ಮುಗಿಸಿ ಬ್ರಿಟನ್ ಸಂಸತ್ತಿಗೆ ಬರೆದ ಪತ್ರ. ಕೇಂಬ್ರಿಜ್ ಅನಲಿಟಿಕಾ ಬಳಸಿದ ವಿಧಾನಗಳಲ್ಲಿ ಹೆಚ್ಚಿನವು ಯಾರಿಗೂ ಸಿಗುವಂಥ ಸಾಮಾನ್ಯ ತಂತ್ರಗಳೇ, ಮಾಹಿತಿಯ ಬಗ್ಗೆ ಅದು ಕೊಚ್ಚಿಕೊಂಡದ್ದರಲ್ಲಿ ಉತ್ಪ್ರೇಕ್ಷೆ ಇತ್ತು ಎಂಬ ಧಾಟಿಯ ಪತ್ರ ಅದು. ಮನಸ್ಸನ್ನು ಓದುವ ಮಾಯಾಯಂತ್ರದ ಕಥೆ ಕೇಳಲು ಚೆಂದ. ನಿಜವಾದ ಕೆಲಸ ನಡೆಯುವುದು ನೀರಸವಾದ ಒಂದು ಪಟ್ಟಿಯ ಮೇಲೆ.

ಆ ಪಟ್ಟಿಯ ಬೆನ್ನೆಲುಬು ಮತದಾರರ ಪಟ್ಟಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅದನ್ನು ಪಕ್ಷಗಳು ಪಡೆಯಬಹುದು. ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಅದರಲ್ಲಿರುವುದಿಲ್ಲ, ಆದರೆ ಯಾವ ಯಾವ ಚುನಾವಣೆಯಲ್ಲಿ ಮತಗಟ್ಟೆಗೆ ಹೋದಿರಿ ಎಂಬುದು ಇರುತ್ತದೆ. ಇದರ ಮೇಲೆ ಫೋನ್ ನಂಬರು, ಇಮೇಲ್ ಅಂಟಿಸಬೇಕು. ಅವು ಬರುವುದು ಡೇಟಾ ದಲ್ಲಾಳಿಗಳಿಂದ, ದೇಣಿಗೆ ಕೊಟ್ಟವರ ದಾಖಲೆಯಿಂದ, ಸಹಿ ಸಂಗ್ರಹದ ಅರ್ಜಿಗಳಿಂದ, 'ನಿಮ್ಮ ಅಭಿಪ್ರಾಯ ತಿಳಿಸಿ' ಎನ್ನುವ ಸಮೀಕ್ಷೆಗಳಿಂದ, ಪಕ್ಷದ ಆ್ಯಪ್‌ಗಳಿಂದ. 2016ರ ಬ್ರೆಕ್ಸಿಟ್ ಜನಮತದ ಹೊತ್ತಿಗೆ, ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದು ಪ್ರಚಾರ ಮಾಡಿದ 'ವೋಟ್ ಲೀವ್' ತಂಡ ಯುರೋ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನೆಲ್ಲ ಸರಿಯಾಗಿ ಊಹಿಸಿದವರಿಗೆ 5 ಕೋಟಿ ಪೌಂಡ್ ಬಹುಮಾನ ಎಂದು ಸ್ಪರ್ಧೆ ಇಟ್ಟಿತ್ತು. ಗೆಲ್ಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಭಾಗವಹಿಸಲು ತುಂಬಬೇಕಿದ್ದ ಫಾರಂ ಮಾತ್ರ ನಿಜ. ಅಂತರ್ಜಾಲದಲ್ಲಿ ಸಹಿ ಹಾಕುವ ಯಾವ ಮನವಿಯಲ್ಲೂ ಫೋನ್ ನಂಬರಿನ ಖಾನೆ ಕಡ್ಡಾಯವಾಗಿದ್ದರೆ, ಅಲ್ಲಿ ಬೇಕಾಗಿರುವುದು ಸಹಿಯೋ ನಂಬರೋ ಎಂದು ಒಮ್ಮೆ ಯೋಚಿಸಿ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಹೆಸರಿನ ಮುಂದೆ ಅಂಕ ಬೀಳುತ್ತದೆ. ಸಾಮಾನ್ಯವಾಗಿ ಎರಡು ಅಂಕ, ಎರಡೂ 0ರಿಂದ 100ರವರೆಗೆ: ನಮಗೆ ಬೆಂಬಲ ಕೊಡುವ ಸಾಧ್ಯತೆ ಎಷ್ಟು, ಮತಗಟ್ಟೆಗೆ ಹೋಗುವ ಸಾಧ್ಯತೆ ಎಷ್ಟು. ಒಂದಷ್ಟು ಸಾವಿರ ಜನರಿಗೆ ಫೋನ್ ಮಾಡಿ ಕೇಳಿದ ಉತ್ತರಗಳನ್ನು ಮಾದರಿಯಾಗಿಟ್ಟುಕೊಂಡು ಉಳಿದ ಲಕ್ಷಾಂತರ ಜನರ ಅಂಕವನ್ನು ಲೆಕ್ಕದಿಂದ ಊಹಿಸುತ್ತಾರೆ. ಬೆಂಬಲ 90, ಮತದಾನ 30 ಬಂದವರಿಗೆ ನೀತಿ ನಿಲುವು ವಿವರಿಸುವುದು ದಂಡ, ದಿನಾಂಕ ಮತ್ತು ಮತಗಟ್ಟೆ ನೆನಪಿಸಿದರೆ ಸಾಕು. ಬೆಂಬಲ 50ರ ಆಸುಪಾಸು, ಮತದಾನ 90 ಇದ್ದವರ ಮೇಲೆ ಹಣ ಸುರಿಯುತ್ತಾರೆ. ಬೆಂಬಲ 10 ಇದ್ದವರನ್ನು ಪಟ್ಟಿಯಿಂದ ತೆಗೆದು, ಜಾಹೀರಾತು ಅವರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುತ್ತಾರೆ. ಗುರಿ ಎಂದಾಗ ಯಾರಿಗೆ ತೋರಿಸಿದರು ಎಂದಷ್ಟೇ ನೋಡುತ್ತೇವೆ, ಯಾರನ್ನು ಹೊರಗಿಟ್ಟರು ಎಂಬುದು ಅಷ್ಟೇ ಮುಖ್ಯ.

ಊಹೆ ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಉದಾಹರಣೆ ಸಾಕು. ಹೆಸರಿನ ಆಧಾರದ ಮೇಲೆ ಜನಾಂಗ, ಧರ್ಮ, ಹುಟ್ಟಿದ ದೇಶ ಇಂಥದ್ದೇ ಇರಬೇಕು ಎಂದು ಊಹಿಸಿದ ಮಾಹಿತಿಯನ್ನು ಅದು ಖರೀದಿಸಿ ಸುಮಾರು 1 ಕೋಟಿ ಮತದಾರರ ದಾಖಲೆಗೆ ಸೇರಿಸಿತ್ತು. ಆಯುಕ್ತರ ಕಚೇರಿಯ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಕೊನೆಗೆ ಅಳಿಸಿತು. ಹೆಸರು ನೋಡಿ ಧರ್ಮ ಹೇಳುವ ಈ ಕೆಲಸಕ್ಕೆ ಕಂಪ್ಯೂಟರ್ ಬೇಕಾಗಿರಲಿಲ್ಲ, ಕಂಪ್ಯೂಟರ್ ಬಂದದ್ದರಿಂದ ಕೋಟಿ ಲೆಕ್ಕದಲ್ಲಿ ಆಯಿತು, ಅಷ್ಟೇ ವ್ಯತ್ಯಾಸ.

ಇನ್ನು ಪಟ್ಟಿ ಫೇಸ್‌ಬುಕ್‌ಗೆ ಏರುವ ಹಂತ. ಇದರ ಹೆಸರು 'ಕಸ್ಟಮ್ ಆಡಿಯನ್ಸ್'. ಇಮೇಲ್, ಫೋನ್, ಹೆಸರು, ಊರು, ಪಿನ್ ಕೋಡ್, ಹುಟ್ಟಿದ ದಿನಾಂಕ ಹೀಗೆ ಕಾಲಂಗಳಿರುವ ಸಿಎಸ್‌ವಿ ಎಂಬ ಕೋಷ್ಟಕದ ಕಡತವನ್ನು ಮೆಟಾದ ಜಾಹೀರಾತುದಾರರ ಪುಟವಾದ ಆಡ್ಸ್ ಮ್ಯಾನೇಜರ್‌ಗೆ ಕೊಟ್ಟರೆ, ಪ್ರತಿ ಮೌಲ್ಯವನ್ನೂ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅರ್ಥವಾಗದ ಅಕ್ಷರಸಾಲಾಗಿ ಮಾಡಿ, ಅಂದರೆ ಹ್ಯಾಶ್ ಮಾಡಿ, ಕಳಿಸುತ್ತದೆ. ಮೆಟಾ ತನ್ನ ಬಳಕೆದಾರರ ವಿವರಗಳಿಗೂ ಅದನ್ನೇ ಮಾಡಿಟ್ಟುಕೊಂಡಿರುತ್ತದೆ. ಎರಡು ಸಾಲು ಒಂದೇ ಇದ್ದರೆ ವ್ಯಕ್ತಿ ಸಿಕ್ಕಂತೆ. ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಅಕ್ಷರಸಾಲು ಪೂರ್ತಿ ಬದಲಾಗುತ್ತದೆ, ತಾಳೆ ತಪ್ಪುವುದು ಇಲ್ಲೇ. ದೇಶದ ಕೋಡ್ ಇಲ್ಲದ ಫೋನ್ ನಂಬರು, ಎಕ್ಸೆಲ್ ನುಂಗಿಹಾಕಿದ ಮುಂದಿನ ಸೊನ್ನೆ, ಉದ್ದದ ನಂಬರನ್ನು ಅದೇ ಎಕ್ಸೆಲ್ ಘಾತ (E+) ರೂಪಕ್ಕೆ ತಿರುಗಿಸಿಬಿಡುವುದು, ಒಬ್ಬರ ಹೆಸರು ಒಂದು ಕಡೆ ಒಂದು ಲಿಪಿಯಲ್ಲಿ ಇನ್ನೊಂದು ಕಡೆ ಬೇರೆ ಲಿಪಿಯಲ್ಲಿರುವುದು, ಎಲ್ಲವೂ ಮಾಮೂಲಿ ಎಡವಟ್ಟುಗಳು. ಅದಕ್ಕೇ ಅನುಭವಿ ತಂಡಗಳು ಒಬ್ಬರಿಗೆ ಒಂದೇ ಗುರುತು ಕೊಟ್ಟು ಸುಮ್ಮನಾಗುವುದಿಲ್ಲ, ಸಿಕ್ಕ ಗುರುತನ್ನೆಲ್ಲ ಕೊಡುತ್ತವೆ.

'ಹ್ಯಾಶ್ ಮಾಡಿದ್ದೇವೆ, ಆದ್ದರಿಂದ ಅನಾಮಧೇಯ' ಎಂಬ ಸಮಜಾಯಿಷಿ ಹಲವು ಗೌಪ್ಯತಾ ನೀತಿಗಳಲ್ಲಿ ಕಾಣಸಿಗುತ್ತದೆ. ಅದನ್ನು ನಂಬಬೇಕಿಲ್ಲ. ವ್ಯಕ್ತಿಯನ್ನು ಗುರುತು ಹಿಡಿಯುವುದೇ ಈ ತಾಳೆಯ ಉದ್ದೇಶವಾಗಿರುವಾಗ ಅನಾಮಧೇಯತೆ ಎಲ್ಲಿಂದ ಬರಬೇಕು? ಹ್ಯಾಶ್ ಮಾಡಿದ ಮಾತ್ರಕ್ಕೆ ಮಾಹಿತಿ ಅನಾಮಧೇಯವಾಗುವುದಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಬಿಡಿಸಿ ಹೇಳಿದೆ.

ತಾಳೆಯಾದವರ ಗುಂಪಿನಿಂದ 'ಲುಕ್‌ಅಲೈಕ್' ಹುಟ್ಟುತ್ತದೆ. ಕನಿಷ್ಠ 100 ಜನರ ಮೂಲ ಗುಂಪು ಕೊಟ್ಟರೆ, ಒಂದು ದೇಶದ ಬಳಕೆದಾರರಲ್ಲಿ ಅವರನ್ನು ಹೆಚ್ಚು ಹೋಲುವ ಶೇ 1ರಿಂದ ಶೇ 10ರವರೆಗಿನವರನ್ನು ಮೆಟಾ ಆರಿಸಿಕೊಡುತ್ತದೆ. 2022ರ ಜನವರಿಯಲ್ಲಿ ರಾಜಕೀಯ ಒಲವು, ಧರ್ಮ, ಆರೋಗ್ಯದಂಥ ಸೂಕ್ಷ್ಮ ಆಯ್ಕೆಗಳನ್ನು ಮೆಟಾ ಗುರಿಯ ಪಟ್ಟಿಯಿಂದ ಕಿತ್ತುಹಾಕಿದಾಗ ದೊಡ್ಡ ಸುದ್ದಿಯಾಯಿತು. ಕಸ್ಟಮ್ ಆಡಿಯನ್ಸ್ ಮತ್ತು ಲುಕ್‌ಅಲೈಕ್ ಇದ್ದ ಹಾಗೇ ಉಳಿದವು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರು ಹೊಡೆದಿದೆ.

ಈಗ ಲೈಬ್ರರಿಯೊಳಗೆ ಬರೋಣ. ಬ್ರೌಸರ್‌ನಲ್ಲಿ ಮೆಟಾ ಆಡ್ ಲೈಬ್ರರಿ ಎಂದು ಹುಡುಕಿ ತೆರೆದರೆ ಮೊದಲು ದೇಶ, ನಂತರ ಜಾಹೀರಾತಿನ ವರ್ಗ ಕೇಳುತ್ತದೆ. ಹೊಸಬರು ಎಡವುವುದು ಇಲ್ಲೇ. 'ಆಲ್ ಆಡ್ಸ್' ಆರಿಸಿದರೆ ಸಾಮಾನ್ಯವಾಗಿ ಸದ್ಯ ಓಡುತ್ತಿರುವ ಜಾಹೀರಾತುಗಳಷ್ಟೇ ಕಾಣುತ್ತವೆ, ಪಟ್ಟಿಯಲ್ಲಿ ಖರ್ಚಿನ ಸುಳಿವೇ ಇರುವುದಿಲ್ಲ, 'ಏನೂ ಇಲ್ಲವಲ್ಲ' ಎಂದು ಜನ ಮುಚ್ಚಿಬಿಡುತ್ತಾರೆ. ಆರಿಸಬೇಕಾದ್ದು ಸಾಮಾಜಿಕ ವಿಷಯ, ಚುನಾವಣೆ, ರಾಜಕೀಯ ಎಂಬ ವರ್ಗ. ಈ ವರ್ಗದ ಜಾಹೀರಾತು ನಿಂತ ಮೇಲೂ 7 ವರ್ಷ ಕಪಾಟಿನಲ್ಲಿ ಉಳಿಯುತ್ತದೆ.

ಹುಡುಕಾಟ ಎರಡು ಬಗೆ: ಪುಟದ ಹೆಸರಿನಿಂದ, ಇಲ್ಲವೇ ಪದದಿಂದ. ಪದದಿಂದ ಹುಡುಕುವಾಗ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಪದಗುಚ್ಛ ಸಿಗುತ್ತದೆ. ಚಿತ್ರದ ಮೇಲೆ ಅಚ್ಚಾದ ಬರಹ, ವೀಡಿಯೊದಲ್ಲಿ ಆಡಿದ ಮಾತು ಈ ಹುಡುಕಾಟಕ್ಕೆ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಅಭ್ಯರ್ಥಿಯ ಹೆಸರನ್ನು ಎಲ್ಲ ಲಿಪಿಗಳಲ್ಲಿ, ಎಲ್ಲ ಕಾಗುಣಿತಗಳಲ್ಲಿ ಹುಡುಕಬೇಕಾಗುತ್ತದೆ. ಅಧಿಕೃತ ಪುಟ ಸಿಕ್ಕಿತೆಂದು ನಿಲ್ಲಬಾರದು. ಬೆಂಬಲಿಗರ ಪುಟ, ವ್ಯಂಗ್ಯಚಿತ್ರದ ಪುಟ, ಸುದ್ದಿತಾಣದ ಹೆಸರು ಹೊತ್ತ ಪುಟ, ಇವುಗಳಿಂದ ಬರುವ ಜಾಹೀರಾತಿನ ಧ್ವನಿಯೇ ಬೇರೆ. ಇವನ್ನು ಒಂದೇ ದಾರದಲ್ಲಿ ಕಟ್ಟುವುದು 'ಪೇಯ್ಡ್ ಫಾರ್ ಬೈ', ಅಂದರೆ ಹಣ ಕಟ್ಟಿದವರು ಯಾರು, ಎಂಬ ಸಾಲು. ಫಿಲ್ಟರ್‌ನಲ್ಲಿ ಈ ಹೆಸರಿನಿಂದಲೂ ಸೋಸಬಹುದು. ಒಂದೇ ಹೆಸರು ನಾಲ್ಕು ಪುಟಗಳಿಗೆ ಹಣ ಕಟ್ಟಿದ್ದರೆ ಅಲ್ಲಿ ಬಯಲಾಗುತ್ತದೆ.

ಪ್ರತಿ ಜಾಹೀರಾತಿನ ಕೆಳಗೆ ವಿವರ ನೋಡುವ ಗುಂಡಿ ಇದೆ. ಒತ್ತಿದರೆ ಖರ್ಚು, ಎಷ್ಟು ಬಾರಿ ಕಂಡಿತು, ಅಂದಾಜು ಪ್ರೇಕ್ಷಕರೆಷ್ಟು, ನೋಡಿದವರ ವಯಸ್ಸು ಮತ್ತು ಲಿಂಗದ ಪಟ್ಟೆಗಳು, ಪ್ರದೇಶವಾರು ಶೇಕಡಾವಾರು ತೆರೆದುಕೊಳ್ಳುತ್ತದೆ. ಖರ್ಚು ಮತ್ತು ವೀಕ್ಷಣೆ ನಿಖರ ಸಂಖ್ಯೆಯಲ್ಲ, ಶ್ರೇಣಿಯಲ್ಲಿರುತ್ತವೆ. ಅಮೆರಿಕದಲ್ಲಿ ಕೆಳಗಿನ ಮೆಟ್ಟಿಲು '100 ಡಾಲರ್‌ಗಿಂತ ಕಡಿಮೆ'. ಇದೇನು ಸಣ್ಣ ವಿಷಯ ಎನ್ನಬೇಡಿ. ಗುರಿ ಸೂಕ್ಷ್ಮವಾದಷ್ಟೂ ಜಾಹೀರಾತು ಚೂರುಚೂರಾಗುತ್ತದೆ, ಚೂರುಗಳೆಲ್ಲ ಇದೇ ಮೆಟ್ಟಿಲಿಗೆ ಬೀಳುತ್ತವೆ. ಅಂಥ 400 ಜಾಹೀರಾತು ಕೂಡಿದರೆ ಒಟ್ಟು ಖರ್ಚು ಸೊನ್ನೆಯ ಹತ್ತಿರವೂ ಇರಬಹುದು, 39,600 ಡಾಲರೂ ಇರಬಹುದು. ಒಂದೊಂದನ್ನೂ ಕೂಡಿಸಿ ವರದಿ ಬರೆದವರು ತಪ್ಪಿದ್ದು ಇಲ್ಲಿ. ಒಟ್ಟು ಮೊತ್ತಕ್ಕೆ 'ಆಡ್ ಲೈಬ್ರರಿ ರಿಪೋರ್ಟ್' ಎಂಬ ಬೇರೆ ಪುಟವಿದೆ. ಪುಟವಾರು, ಪ್ರದೇಶವಾರು ಖರ್ಚನ್ನು ಒಂದು ದಿನ, 7, 30, 90 ದಿನಗಳ ಲೆಕ್ಕದಲ್ಲಿ ಅಲ್ಲಿಂದ ಸಿಎಸ್‌ವಿಯಾಗಿ ಇಳಿಸಿಕೊಳ್ಳಬಹುದು.

ಅಂದಾಜು ಪ್ರೇಕ್ಷಕರ ಸಂಖ್ಯೆ ಮತ್ತು ನಿಜವಾಗಿ ನೋಡಿದವರ ಪಟ್ಟೆಗಳು, ಇವೆರಡನ್ನು ಪಕ್ಕಪಕ್ಕ ಇಟ್ಟು ಓದುವುದೇ ಈ ಸಾಧನದ ಕೀಲಿಕೈ. ಇಡೀ ದೇಶಕ್ಕೆ ಹೋದ ಜಾಹೀರಾತು, ಆದರೆ ಅಂದಾಜು ಪ್ರೇಕ್ಷಕರು ಕೆಲವೇ ಸಾವಿರ ಎಂದಿದ್ದರೆ ಹಿಂದೆ ಪಟ್ಟಿ ಇರುವ ಸಾಧ್ಯತೆ ಹೆಚ್ಚು. ಒಂದು ವಯಸ್ಸಿನ ಪಟ್ಟೆ ಪೂರ್ತಿ ಸೊನ್ನೆ, ಪಕ್ಕದ್ದು ತುಂಬಿದೆ ಎಂದರೆ ವಯಸ್ಸನ್ನು ಕೈಯಾರೆ ಕತ್ತರಿಸಿದ್ದಾರೆ. ಎಲ್ಲ ಪಟ್ಟೆಗಳಲ್ಲೂ ಸ್ವಲ್ಪಸ್ವಲ್ಪ ಇದ್ದು ಒಂದು ಕಡೆ ವಾಲಿದ್ದರೆ ಅದು ಬೇರೆ ಕಥೆ: ಕತ್ತರಿಸಿದ್ದು ಪ್ರಚಾರದವರಲ್ಲ, ಮೆಟಾದ ಹಂಚಿಕೆ ವ್ಯವಸ್ಥೆ. ಯಾರು ಒತ್ತುತ್ತಾರೆ ಎಂದು ಊಹಿಸಿ ಅವರಿಗೇ ಹೆಚ್ಚು ತೋರಿಸುವುದು ಅದರ ಸ್ವಭಾವ. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಮೊಹಮ್ಮದ್ ಅಲಿ ಮತ್ತು ಸಂಗಡಿಗರು ತಾವೇ ಹಣ ಕಟ್ಟಿ ರಾಜಕೀಯ ಜಾಹೀರಾತು ಓಡಿಸಿ ಇದನ್ನು ಪರೀಕ್ಷಿಸಿದ್ದರು. ಒಂದೇ ಗುರಿ, ಒಂದೇ ಬಜೆಟ್ ಇಟ್ಟರೂ ಆಯಾ ಪಕ್ಷದ ಜಾಹೀರಾತು ಆಯಾ ಒಲವಿನವರ ಕಡೆಗೇ ಹರಿಯಿತು, ಎದುರು ಪಾಳಯದವರನ್ನು ಮುಟ್ಟಲು ಹೆಚ್ಚು ದುಡ್ಡು ಬಿತ್ತು. ಹೀಗಾಗಿ ಪಟ್ಟೆ ವಾಲಿದ್ದನ್ನು ಕಂಡ ಕೂಡಲೇ 'ಹೆಂಗಸರನ್ನೇ ಗುರಿ ಮಾಡಿದ್ದಾರೆ' ಎಂದು ತೀರ್ಪು ಕೊಡುವುದು ಆತುರ.

ತೀರ್ಪು ಕೊಡುವ ಮೊದಲು ನೋಡಬೇಕಾದದ್ದು 'ಆಡಿಯನ್ಸ್' ಎಂಬ ಇನ್ನೊಂದು ಟ್ಯಾಬ್. 2022ರಲ್ಲಿ ಸೇರಿಸಿದ್ದು. ಒಂದು ಪುಟವನ್ನು ತೆರೆದು ಇದಕ್ಕೆ ಹೋದರೆ, ಆ ಪುಟ ಯಾವ ಬಗೆಯ ಗುರಿಗೆ ತನ್ನ ಖರ್ಚಿನ ಶೇಕಡ ಎಷ್ಟು ಹಾಕಿದೆ ಎಂದು ತಿಳಿಯುತ್ತದೆ: ವಯಸ್ಸು, ಲಿಂಗ, ಜಾಗ, ಆಸಕ್ತಿಗಳು, ಕಸ್ಟಮ್ ಆಡಿಯನ್ಸ್, ಲುಕ್‌ಅಲೈಕ್. ಹೊರಗಿಟ್ಟ ಆಸಕ್ತಿ, ಹೊರಗಿಟ್ಟ ಜಾಗಗಳೂ ಸಿಗುತ್ತವೆ. ಇಡೀ ಲೈಬ್ರರಿಯಲ್ಲಿ ಬೆಲೆಬಾಳುವ ಮೂಲೆ ಇದೇ. ಇದನ್ನು ಇಷ್ಟು ಒಳಗೆ ಬಚ್ಚಿಟ್ಟದ್ದು ಯಾಕೋ ತಿಳಿಯದು.

ಕೊರತೆಗಳೂ ಇಲ್ಲೇ ಇವೆ. ಒಂದು, ಲೆಕ್ಕ ಪುಟದ ಮಟ್ಟದ್ದು, ಜಾಹೀರಾತಿನ ಮಟ್ಟದ್ದಲ್ಲ. 'ಕಸ್ಟಮ್ ಆಡಿಯನ್ಸ್‌ಗೆ ಶೇ 60 ಖರ್ಚು' ಎಂದು ಕಂಡರೂ ಯಾವ ಮಾತನ್ನು ಆ ಪಟ್ಟಿಯವರಿಗೆ ಹೇಳಿದರು ಎಂದು ಜೋಡಿಸಲು ಬರುವುದಿಲ್ಲ. ಎರಡು, 7, 30, 90 ದಿನಗಳ ಕಿಟಕಿ ಮಾತ್ರ. ಜಾಹೀರಾತು 7 ವರ್ಷ ಉಳಿಯುತ್ತದೆ, ಅದರ ಗುರಿಯ ವಿವರ ಮೂರು ತಿಂಗಳಿಗೆ ಮಾಯ. ಚುನಾವಣೆ ಮುಗಿದ ಮೇಲೆ ನಿಧಾನವಾಗಿ ನೋಡೋಣ ಎಂದರೆ ಕೈಗೆ ಏನೂ ಸಿಗದು, ವಾರಕ್ಕೊಮ್ಮೆ ಈ ಟ್ಯಾಬಿನ ಪ್ರತಿ ಉಳಿಸಿಕೊಳ್ಳಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪಟ್ಟಿ ಬಳಸಿದ್ದಾರೆ ಎಂದು ಹೇಳುತ್ತದೆ, ಯಾವ ಪಟ್ಟಿ ಎಂದು ಹೇಳುವುದಿಲ್ಲ. ಪಕ್ಷದ ಸದಸ್ಯರದ್ದೋ, ದಲ್ಲಾಳಿಯಿಂದ ಕೊಂಡದ್ದೋ, ಯಾವುದೋ ಸಹಿ ಸಂಗ್ರಹದಲ್ಲಿ ಬಾಚಿದ್ದೋ, ಎಲ್ಲಕ್ಕೂ ಒಂದೇ ಹೆಸರು.

ಲೈಬ್ರರಿಗೆ ಜಾಹೀರಾತು ಬರುವ ದಾರಿಯೂ ಭದ್ರವಾಗಿಲ್ಲ. ಜಾಹೀರಾತುದಾರ ತಾನಾಗಿ 'ಇದು ರಾಜಕೀಯ' ಎಂದು ಘೋಷಿಸಬೇಕು, ಗುರುತು ದೃಢಪಡಿಸಬೇಕು. ಘೋಷಿಸದಿದ್ದರೆ ಹಿಡಿಯುವುದು ಮೆಟಾದ ಜವಾಬ್ದಾರಿ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 3.38 ಕೋಟಿ ಜಾಹೀರಾತುಗಳನ್ನು ಜಾಲಾಡಿ ನೋಡಿದರು. ಹೀಗೆ ಕಂಪನಿಯೇ ನಿರ್ಧರಿಸಬೇಕಾಗಿ ಬಂದ ಕಡೆ ಶೇ 83ರಷ್ಟು ತೀರ್ಮಾನ ತಪ್ಪಿತ್ತು. 'ಪೇಯ್ಡ್ ಫಾರ್ ಬೈ' ಸಾಲನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2018ರ ಅಕ್ಟೋಬರ್‌ನಲ್ಲಿ ವೈಸ್ ನ್ಯೂಸ್‌ನ ಪತ್ರಕರ್ತರು ಅಮೆರಿಕದ 100 ಸೆನೆಟರ್‌ಗಳ ಹೆಸರಿನಲ್ಲೂ ಒಂದೊಂದು ನಕಲಿ ಜಾಹೀರಾತು ಸಲ್ಲಿಸಿದರು, ನೂರಕ್ಕೆ ನೂರೂ ಪಾಸಾದವು. ಆಮೇಲೆ ನಿಯಮ ಬಿಗಿಯಾಗಿದೆ. ಆದರೂ ಆ ಸಾಲಿನಲ್ಲಿರುವುದು ಬರೆಸಿದವರು ಬರೆಸಿದ ಹೆಸರು ಎಂಬುದು ನೆನಪಿರಲಿ, ಅದರ ಹಿಂದಿನ ದುಡ್ಡಿನ ಮೂಲ ಅಲ್ಲಿ ಸಿಗದು. ಕಪಾಟೇ ಕೈಕೊಟ್ಟ ಪ್ರಸಂಗವೂ ಉಂಟು. 2019ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತದಾನಕ್ಕೆ ಎರಡು ದಿನವಿರುವಾಗ ಆ ದೇಶದ ಸಾವಿರಾರು ಜಾಹೀರಾತುಗಳು ಲೈಬ್ರರಿಯಿಂದ ಕಣ್ಮರೆಯಾಗಿದ್ದವು.

ಸಾವಿರಗಟ್ಟಲೆ ಜಾಹೀರಾತು ಬೇಕಾದವರಿಗೆ ಎಪಿಐ, ಅಂದರೆ ಪ್ರೋಗ್ರಾಂ ಬರೆದು ಮಾಹಿತಿ ಎಳೆದುಕೊಳ್ಳುವ ದಾರಿ, ಇದೆ. ಸರ್ಕಾರಿ ಗುರುತಿನ ಚೀಟಿ ಕೊಟ್ಟು ಗುರುತು ದೃಢಪಡಿಸಬೇಕು, ಡೆವಲಪರ್ ಖಾತೆ ತೆರೆಯಬೇಕು, ಟೋಕನ್ ಎಂಬ ಪ್ರವೇಶದ ಗುರುತುಸಾಲು ಪಡೆಯಬೇಕು. ಮೊದಲು ಸಿಗುವ ಟೋಕನ್ ಒಂದೆರಡು ಗಂಟೆಗೆ ಸಾಯುತ್ತದೆ, ಅದನ್ನು 60 ದಿನದ್ದಾಗಿ ಬದಲಿಸಿಕೊಳ್ಳದಿದ್ದರೆ ರಾತ್ರಿ ಓಡಲು ಬಿಟ್ಟ ಪ್ರೋಗ್ರಾಂ ಅರ್ಧಕ್ಕೆ ನಿಲ್ಲುತ್ತದೆ. ಒಂದು ಬಾರಿಗೆ 10 ಪುಟಗಳ ಐಡಿ ಕೊಡಬಹುದು, ಹುಡುಕುವ ಪದ 100 ಅಕ್ಷರ ಮೀರಬಾರದು. ಒಂದು ಎಚ್ಚರಿಕೆ: ಪ್ರತಿ ಜಾಹೀರಾತಿನ ಜೊತೆ ಬರುವ ಸ್ನ್ಯಾಪ್‌ಶಾಟ್ ವಿಳಾಸದೊಳಗೆ ನಿಮ್ಮ ಟೋಕನ್ನೇ ಅಡಗಿರುತ್ತದೆ. ಆ ಕೊಂಡಿಗಳ ಪಟ್ಟಿಯನ್ನು ಹಾಗೇ ಇನ್ನೊಬ್ಬರಿಗೆ ಕಳಿಸಿದರೆ ಬೀಗದ ಕೈ ಕೊಟ್ಟಂತೆ. ಹಂಚುವಾಗ ಲೈಬ್ರರಿ ಐಡಿ ಸಂಖ್ಯೆ ಮಾತ್ರ ಹಂಚಿ.

ಗೂಗಲ್‌ನ ಇಂಥದ್ದೇ ಕಪಾಟಾದ ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಜೊತೆ ಹೋಲಿಸಿದರೆ ಹೇಗೆ? ಅಲ್ಲಿ ಗುರಿಯ ಚೀಲವೇ ಚಿಕ್ಕದು. 2019ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮದಂತೆ ಚುನಾವಣಾ ಜಾಹೀರಾತಿಗೆ ವಯಸ್ಸು, ಲಿಂಗ, ಪಿನ್ ಕೋಡ್ ಮಟ್ಟದ ಜಾಗ ಮತ್ತು ಪುಟದ ವಿಷಯ ಇಷ್ಟೇ ಆಧಾರ. ಮತದಾರರ ಪಟ್ಟಿ ಏರಿಸಿ ತಾಳೆ ಹಾಕುವಂತಿಲ್ಲ. ದತ್ತಾಂಶವನ್ನು ಗೂಗಲ್‌ನ ದತ್ತಾಂಶ ಭಂಡಾರವಾದ ಬಿಗ್‌ಕ್ವೆರಿಯಲ್ಲಿ ಇಟ್ಟಿರುವುದರಿಂದ ಲೆಕ್ಕ ಬಲ್ಲವರಿಗೆ ಹಬ್ಬ, ಉಳಿದವರಿಗೆ ಕಬ್ಬಿಣದ ಕಡಲೆ. ಮುಚ್ಚಿಡಲು ಕಡಿಮೆ ಇರುವ ಕಡೆ ಪಾರದರ್ಶಕತೆ ಸುಲಭ, ಹಾಗಾಗಿ ಗೂಗಲ್‌ಗೆ ಹೆಚ್ಚು ಅಂಕ ಕೊಡಲು ಮನಸ್ಸಾಗುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ರಾಜಕೀಯ ಜಾಹೀರಾತಿನ ಹೊಸ ಕಾನೂನು 2025ರ ಅಕ್ಟೋಬರ್ 10ರಿಂದ ಪೂರ್ತಿ ಜಾರಿಯಾಗುವ ಹೊತ್ತಿಗೆ ಗೂಗಲ್, ಮೆಟಾ ಎರಡೂ ಅಲ್ಲಿ ರಾಜಕೀಯ ಜಾಹೀರಾತೇ ಬೇಡವೆಂದು ಕೈತೊಳೆದುಕೊಂಡವು. ವಿವರ ಕೊಡುವುದಕ್ಕಿಂತ ಅಂಗಡಿ ಮುಚ್ಚುವುದೇ ಮೇಲು ಎನಿಸಿತೋ ಏನೋ.

ಎರಡು ಕಪಾಟಿನಲ್ಲೂ ಕಾಣದ ಲೋಕ ಒಂದಿದೆ: ಎಸ್‌ಎಂಎಸ್, ವಾಟ್ಸ್‌ಆ್ಯಪ್ ಗುಂಪು, ಇಮೇಲ್, ಧ್ವನಿಮುದ್ರಿತ ಕರೆ, ಹಣ ಪಡೆದು ಮಾತಾಡುವ ಇನ್‌ಫ್ಲೂಯೆನ್ಸರ್‌ಗಳು, ಮನೆಬಾಗಿಲಿಗೆ ಬರುವ ಕಾರ್ಯಕರ್ತರ ಕೈಯಲ್ಲಿರುವ ಆ್ಯಪ್. ಎಲ್ಲಕ್ಕೂ ಅದೇ ಪಟ್ಟಿ ಮೂಲ. ಆ ಪಟ್ಟಿಯನ್ನು ಎಷ್ಟು ಜೋಪಾನ ಮಾಡುತ್ತಾರೆ ಎಂಬುದಕ್ಕೆ ಎರಡು ಪ್ರಸಂಗ ಸಾಕು. 2017ರ ಜೂನ್‌ನಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಕೆಲಸ ಮಾಡುತ್ತಿದ್ದ ಡೀಪ್ ರೂಟ್ ಅನಲಿಟಿಕ್ಸ್ ಕಂಪನಿಯ ಸರ್ವರ್‌ನಲ್ಲಿ ಸುಮಾರು 19.8 ಕೋಟಿ ಅಮೆರಿಕನ್ ಮತದಾರರ ವಿವರ, ಅಂದಾಜು ಅಂಕಗಳ ಸಮೇತ, ಪಾಸ್‌ವರ್ಡೇ ಇಲ್ಲದೆ ಬಿದ್ದಿತ್ತು. 2020ರ ಫೆಬ್ರುವರಿಯಲ್ಲಿ ಇಸ್ರೇಲ್‌ನ ಲಿಕುಡ್ ಪಕ್ಷ ಬಳಸುತ್ತಿದ್ದ 'ಎಲೆಕ್ಟರ್' ಆ್ಯಪ್‌ನ ದೋಷದಿಂದ ಅಲ್ಲಿನ ಸುಮಾರು 64 ಲಕ್ಷ ಮತದಾರರ, ಅಂದರೆ ಹೆಚ್ಚೂಕಡಿಮೆ ಇಡೀ ಮತದಾರರ ಪಟ್ಟಿ, ಬಯಲಿಗೆ ಬಂತು.

ಹಾಗಾದರೆ ನಿಮ್ಮ ಹೆಸರು ಯಾರ ಪಟ್ಟಿಯಲ್ಲಿದೆ ಎಂದು ತಿಳಿಯುವುದು ಹೇಗೆ? ಲೈಬ್ರರಿ ಬಿಟ್ಟು ನಿಮ್ಮ ಖಾತೆಯೊಳಗೇ ಹೋಗಬೇಕು. ಜಾಹೀರಾತಿನ ಮೂಲೆಯ ಮೂರು ಚುಕ್ಕೆ ಒತ್ತಿ 'ವೈ ಆಮ್ ಐ ಸೀಯಿಂಗ್ ದಿಸ್ ಆಡ್' ನೋಡುವುದು ಮೊದಲ ಹೆಜ್ಜೆ. ಅದು ಕಾರಣಗಳನ್ನೆಲ್ಲ ಹೇಳುವುದಿಲ್ಲ. ಹಲವು ಕಾರಣವಿದ್ದಾಗ ಅತಿ ಸಾಮಾನ್ಯವಾದದ್ದನ್ನು ಮುಂದಿಟ್ಟು ನಿಜವಾಗಿ ಬೆರಳು ಮಾಡಿ ತೋರಿಸುವಂಥದ್ದನ್ನು ಬಿಟ್ಟುಬಿಡುತ್ತದೆ ಎಂದು 2018ರ ಸಂಶೋಧನೆಯೊಂದು ತೋರಿಸಿತ್ತು. ಆದರೂ 'ಪಟ್ಟಿ ಬಳಸಿದ್ದಾರೆ' ಎಂಬ ಸಾಲು ಕಂಡರೆ ಅದನ್ನು ಚಿತ್ರ ತೆಗೆದಿಟ್ಟುಕೊಳ್ಳಿ.

ಎರಡನೆಯದು ಗಟ್ಟಿ ದಾರಿ. ಸೆಟ್ಟಿಂಗ್ಸ್‌ನಿಂದ ಅಕೌಂಟ್ಸ್ ಸೆಂಟರ್, ಅಲ್ಲಿಂದ ಆಡ್ ಪ್ರಿಫರೆನ್ಸಸ್‌ಗೆ ಹೋದರೆ 'ಆಡಿಯನ್ಸ್ ಬೇಸ್ಡ್ ಅಡ್ವರ್ಟೈಸಿಂಗ್' ಎಂಬ ಭಾಗವಿದೆ. ನಿಮ್ಮ ವಿವರವಿರುವ ಪಟ್ಟಿಯನ್ನು ಏರಿಸಿದವರ ಹೆಸರುಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಒಬ್ಬೊಬ್ಬರ ಹೆಸರು ಒತ್ತಿ, ಪಟ್ಟಿ ಬಳಸಿ ಜಾಹೀರಾತು ತೋರಿಸುವುದನ್ನೂ, ಪಟ್ಟಿ ಬಳಸಿ ನಿಮ್ಮನ್ನು ಹೊರಗಿಡುವುದನ್ನೂ ಬೇರೆಬೇರೆಯಾಗಿ ನಿಲ್ಲಿಸಬಹುದು. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವ ಗುಂಡಿಯನ್ನು ಕೊಡಲು ಮೆಟಾಗೆ ಏನು ಕಷ್ಟವೋ, ಇಲ್ಲಿ ಒಂದೊಂದೇ ಒತ್ತುತ್ತ ಕೂರಬೇಕು. ಪೂರ್ತಿ ಪಟ್ಟಿ ಒಮ್ಮೆಗೇ ಬೇಕಿದ್ದರೆ ನಿಮ್ಮ ಖಾತೆಯ ಮಾಹಿತಿಯನ್ನು ಡೌನ್‌ಲೋಡ್ ಮಾಡಲು ಕೋರಿಕೆ ಸಲ್ಲಿಸಿ. ಬರುವ ಕಡತಗಳಲ್ಲಿ ನಿಮ್ಮ ಚಟುವಟಿಕೆ ಅಥವಾ ಮಾಹಿತಿ ಬಳಸುವ ಜಾಹೀರಾತುದಾರರ ಕಡತವೊಂದಿರುತ್ತದೆ. ಪ್ರತಿ ಹೆಸರಿನ ಮುಂದೆ ಪಟ್ಟಿಯಿಂದ ಬಂದದ್ದೋ, ಜಾಲತಾಣದ ಭೇಟಿಯಿಂದ ಬಂದದ್ದೋ ಎಂದು ಗುರುತು ಹಾಕಿರುತ್ತಾರೆ. ಅಲ್ಲಿ ಪಕ್ಷದ ಹೆಸರನ್ನಷ್ಟೇ ಹುಡುಕಿದರೆ ಸಾಲದು. ಮಾರ್ಕೆಟಿಂಗ್ ಏಜೆನ್ಸಿಗಳು, ಅಭ್ಯರ್ಥಿಗಳ ಪುಟಗಳು, ನೀವು ಯಾವತ್ತೋ ಸಹಿ ಹಾಕಿದ ಮನವಿಯ ತಾಣ, ಎಲ್ಲವನ್ನೂ ಕಣ್ಣಾಡಿಸಿ. ಪಟ್ಟಿಯನ್ನು ತಡೆದರೂ ಲುಕ್‌ಅಲೈಕ್‌ನಲ್ಲಿ ನೀವು ಮತ್ತೆ ಬರಬಹುದು, ಅದಕ್ಕೆ ಪ್ರತ್ಯೇಕ ಗುಂಡಿ ಇಲ್ಲ. ಆಡ್ ಟಾಪಿಕ್ಸ್‌ನಲ್ಲಿ ರಾಜಕೀಯ ವಿಷಯಕ್ಕೆ 'ಸೀ ಲೆಸ್' ಒತ್ತುವುದೊಂದೇ ಉಪಾಯ. ಅದೂ ಕಡಿಮೆ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಪಟ್ಟಿ ಏರಿಸಿದವರ ಹೆಸರು ಸಿಕ್ಕ ಮೇಲೆ ಮುಂದಿನ ಹೆಜ್ಜೆ, ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಅವರಿಗೇ ಬರೆದು ಕೇಳುವುದು. ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್ ಮತ್ತು ಬ್ರಿಟನ್ನಿನ ಕಾನೂನಿನಡಿ ಬರುವವರಿಗೆ ಇದು ಹಕ್ಕು: ಶುಲ್ಕವಿಲ್ಲ, ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಜಟಿಲವಾದ ಕೋರಿಕೆಗೆ ಇನ್ನೆರಡು ತಿಂಗಳು ಕೇಳಬಹುದು. ಅಮೆರಿಕದಲ್ಲಿ ಹೀಗಿಲ್ಲ, ಕ್ಯಾಲಿಫೋರ್ನಿಯಾದ ಗೌಪ್ಯತಾ ಕಾನೂನು ಕೂಡ ಲಾಭಕ್ಕೆ ನಡೆಯುವ ಕಂಪನಿಗಳಿಗೆ ಅನ್ವಯಿಸುತ್ತದೆಯೇ ಹೊರತು ಪಕ್ಷಗಳಿಗಲ್ಲ. ಅಲ್ಲಿ ಪಕ್ಷವನ್ನು ಬಿಟ್ಟು ಮಾಹಿತಿ ಮಾರಿದ ದಲ್ಲಾಳಿಗೆ ಬರೆಯುವುದು ಲಾಭದಾಯಕ.

ಪತ್ರದಲ್ಲಿ 'ನನ್ನ ಬಗ್ಗೆ ಇರುವ ಮಾಹಿತಿ ಕೊಡಿ' ಎಂದಷ್ಟೇ ಬರೆದರೆ ಹೆಸರು, ವಿಳಾಸ ಅಚ್ಚು ಹಾಕಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಬಿಡಿಬಿಡಿಯಾಗಿ ಕೇಳಬೇಕು: ನನ್ನ ಫೋನ್ ನಂಬರು ಯಾವ ದಿನಾಂಕದಂದು ಯಾರಿಂದ ಸಿಕ್ಕಿತು, ನನಗೆ ಕೊಟ್ಟಿರುವ ಬೆಂಬಲದ ಅಂಕ ಮತ್ತು ಮತದಾನದ ಅಂಕ ಎಷ್ಟು, ಧರ್ಮ, ಜನಾಂಗ, ಆದಾಯದ ಬಗ್ಗೆ ಏನು ಊಹಿಸಿದ್ದೀರಿ, ಯಾವ ಯಾವ ಜಾಲತಾಣಗಳಿಗೆ ನನ್ನ ವಿವರ ಏರಿಸಿದ್ದೀರಿ. ಜೊತೆಗೆ ಜಾಹೀರಾತಿನ ಲೈಬ್ರರಿ ಐಡಿ, ಕಂಡ ದಿನಾಂಕ, 'ಪಟ್ಟಿ ಬಳಸಿದ್ದಾರೆ' ಎಂಬ ಸಾಲಿನ ಚಿತ್ರ ಲಗತ್ತಿಸಿ. ಇದಿಲ್ಲದಿದ್ದರೆ 'ನಿಮ್ಮ ವಿವರ ನಮ್ಮಲ್ಲಿಲ್ಲ' ಎಂಬ ಉತ್ತರ ಸುಲಭ. ಗುರುತು ದೃಢಪಡಿಸಲು ಅವರು ಹೊಸ ಫೋನ್ ನಂಬರು, ಹೊಸ ಇಮೇಲ್ ಕೇಳಿದರೆ ಕೊಡಬೇಡಿ, ಈಗಾಗಲೇ ಅವರ ಬಳಿ ಇರುವ ನಂಬರಿನಿಂದಲೇ ದೃಢಪಡಿಸಿ. ಇಲ್ಲವಾದರೆ ಮಾಹಿತಿ ಕೇಳಲು ಹೋಗಿ ಮಾಹಿತಿ ಕೊಟ್ಟು ಬಂದಂತಾಗುತ್ತದೆ. ಮೂಲದ ಜಾಗದಲ್ಲಿ 'ಸಾರ್ವಜನಿಕ ಆಕರ' ಎಂದು ಬರೆದು ಕಳಿಸಿದರೆ ಒಪ್ಪಿಕೊಳ್ಳಬೇಡಿ. ಮತದಾರರ ಪಟ್ಟಿಯಲ್ಲಿ ಫೋನ್ ನಂಬರಿನ ಕಾಲಂ ಇಲ್ಲದ ಕಡೆ ಆ ನಂಬರು ಯಾವ ಸಾರ್ವಜನಿಕ ಆಕರದಿಂದ ಬಂತು ಎಂದು ಮರುಪತ್ರ ಬರೆಯಿರಿ.